ಎರಡು ಹೋಳಾಗಿದ್ದ ಲೀಟ್ರಿಮ್

ಮಾನ್ಯ ಸಂಪಾದಕರೇ,

ಕ್ಷೇತ್ರ ಮರುವಿಂಗಡಣೆಯ ಚರ್ಚೆಯಲ್ಲಿ ಜನಸಂಖ್ಯೆಯ ಸಮಾನತೆಯ ಮಾತೇ ಮುಂದಾಗುತ್ತದೆ. ಅದೊಂದನ್ನೇ ಬಿಗಿಯಾಗಿ ಹಿಡಿದಾಗ ಏನಾಗುತ್ತದೆ ಎಂಬುದನ್ನು ಐರ್ಲೆಂಡ್‌ನ ಸ್ಲೈಗೊ–ಲೀಟ್ರಿಮ್ ಕ್ಷೇತ್ರದ ಇತಿಹಾಸದಲ್ಲಿ ನೋಡಬಹುದಾದ್ದರಿಂದ ಈ ಪತ್ರ.

ಐರ್ಲೆಂಡ್‌ನ ಕೆಳಮನೆಯಾದ ಡಾಲ್‌ಗೆ ಪ್ರತಿ ಕ್ಷೇತ್ರದಿಂದ ಮೂವರಿಂದ ಐವರು ಆಯ್ಕೆಯಾಗುತ್ತಾರೆ. ಮೂವರಿಗಿಂತ ಕಡಿಮೆ ಇರಕೂಡದೆಂದು 1937ರ ಸಂವಿಧಾನವೇ ವಿಧಿಸಿದೆ. ಸದಸ್ಯರಿಗೂ ಜನಸಂಖ್ಯೆಗೂ ಇರುವ ಅನುಪಾತ ಸಾಧ್ಯವಾದ ಮಟ್ಟಿಗೆ ದೇಶದೆಲ್ಲೆಡೆ ಒಂದೇ ಆಗಿರಬೇಕೆಂದೂ ಅದು ಹೇಳುತ್ತದೆ. ಜನವಸತಿ ವಿರಳವಾದ ಪಶ್ಚಿಮ ಭಾಗಕ್ಕೆ ತುಸು ಹೆಚ್ಚು ಸ್ಥಾನ ಕೊಟ್ಟಿದ್ದ 1959ರ ಕಾಯ್ದೆಯನ್ನು ಅಲ್ಲಿನ ಹೈಕೋರ್ಟ್ 1961ರಲ್ಲಿ ಅಸಿಂಧುಗೊಳಿಸಿತು. 1974ರಲ್ಲಿ ಸಚಿವ ಜೇಮ್ಸ್ ಟಲ್ಲಿ ತಮ್ಮ ಮೈತ್ರಿಕೂಟಕ್ಕೆ ಅನುಕೂಲವಾಗುವಂತೆ ಗಡಿಗಳನ್ನು ಹೊಂದಿಸಿದರೂ 1977ರಲ್ಲಿ ಮಣ್ಣುಮುಕ್ಕಿದ್ದು ಅವರ ಸರ್ಕಾರವೇ. ಆಮೇಲೆ ಈ ಕೆಲಸ ಸ್ವತಂತ್ರ ಆಯೋಗಗಳ ಕೈಗೆ ಹೋಯಿತು.

ಲೀಟ್ರಿಮ್ ಕೌಂಟಿಯನ್ನು ಹೋಳು ಮಾಡಿದ್ದು ಇಂಥ ನಿಷ್ಪಕ್ಷಪಾತ ಆಯೋಗವೇ ಎಂಬುದು ಗಮನಾರ್ಹ. 2002ರ ಜನಗಣತಿಯಂತೆ ಒಬ್ಬ ಸದಸ್ಯನಿಗೆ ಸರಾಸರಿ ಸುಮಾರು 23,600 ಜನ. ದೇಶದಲ್ಲೇ ಅತಿ ಕಡಿಮೆ ಜನರಿರುವ ಲೀಟ್ರಿಮ್‌ನಲ್ಲಿದ್ದವರು 25,799. ನೆರೆಯ ಸ್ಲೈಗೊ ಸೇರಿದರೂ ಸುಮಾರು 84,000. ನಾಲ್ಕು ಸ್ಥಾನಕ್ಕೆ ಕಡಿಮೆ, ಮೂರಕ್ಕೆ ಹೆಚ್ಚು. ಹೀಗಾಗಿ 2007ರ ಚುನಾವಣೆಗೆ ಮ್ಯಾನರ್‌ಹ್ಯಾಮಿಲ್ಟನ್ ಸುತ್ತಲಿನ ಉತ್ತರ ಭಾಗ ಸ್ಲೈಗೊ ಜೊತೆಗೂ, ಜಿಲ್ಲಾಕೇಂದ್ರವೆನ್ನಬಹುದಾದ ಕ್ಯಾರಿಕ್-ಆನ್-ಶ್ಯಾನನ್ ಇರುವ ದಕ್ಷಿಣ ಭಾಗ ರಾಸ್‌ಕಾಮನ್ ಜೊತೆಗೂ ಸೇರಿದವು. ಎರಡೂ ಕ್ಷೇತ್ರಗಳಿಂದ ಗೆದ್ದ ಆರು ಮಂದಿಯಲ್ಲಿ ಲೀಟ್ರಿಮ್‌ನವರು ಒಬ್ಬರೂ ಇರಲಿಲ್ಲ. ಕೌಂಟಿ ಕೌನ್ಸಿಲ್ ಒಂದೇ, ಗೇಲಿಕ್ ಫುಟ್‌ಬಾಲ್ ತಂಡವೂ ಒಂದೇ. ಮತಪೆಟ್ಟಿಗೆಯ ಮುಂದೆ ಮಾತ್ರ ಇಬ್ಭಾಗ. ನಾಲ್ಕು ಸ್ಥಾನ ಉಳಿಸಿಕೊಂಡು, ಸರಾಸರಿಗಿಂತ ಶೇಕಡಾ 11ರಷ್ಟು ಕೊರತೆಯನ್ನು ಸಹಿಸಿಕೊಂಡಿದ್ದರೆ ಸಂವಿಧಾನಕ್ಕೇನೂ ಊನವಾಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ನ್ಯಾಯಾಲಯದ ಭಯ ಆಯೋಗಕ್ಕೆ ಇದ್ದಿರಬಹುದು.

2016ರ ಚುನಾವಣೆಗೆ ಲೀಟ್ರಿಮ್ ಮತ್ತೆ ಒಂದಾಯಿತು, ಆದರೆ ಲೆಕ್ಕ ತುಂಬಿಸಲು ದಕ್ಷಿಣ ಡೊನೆಗಾಲ್ ಮತ್ತು ಪಶ್ಚಿಮ ಕ್ಯಾವನ್‌ನ ಪ್ರದೇಶಗಳನ್ನು ಸೇರಿಸಲಾಯಿತು. 2020ರಲ್ಲಿ ಕ್ಯಾವನ್ ಭಾಗ ಹೊರಬಿದ್ದು, ರಾಸ್‌ಕಾಮನ್‌ನ ಬಾಯ್ಲ್ ಕಡೆಯವರು ಒಳಬಂದರು. 2024ಕ್ಕೆ ಅವರೂ ವಾಪಸಾದರು. ಡಾಲ್‌ನ ಸ್ಥಾನಗಳು ಆ ಹೊತ್ತಿಗೆ 160ರಿಂದ 174ಕ್ಕೆ ಏರಿದ್ದರೂ ಬಂಡೋರನ್, ಬ್ಯಾಲಿಶಾನನ್ ಪಟ್ಟಣಗಳ ಮತದಾರರು ತಮ್ಮ ಡೊನೆಗಾಲ್ ಬಿಟ್ಟು ಸ್ಲೈಗೊ–ಲೀಟ್ರಿಮ್ ಪಟ್ಟಿಯಲ್ಲೇ ಉಳಿದಿದ್ದಾರೆ. ಲೀಟ್ರಿಮ್ ಹಿಂದೆ ಹೊತ್ತಿದ್ದ ಹೊರೆ ಈಗ ಅವರ ಹೆಗಲಿಗೆ ಬಂದಿದೆ.

ಇಂತಿ,
ಒಬ್ಬ ಓದುಗ, ಧಾರವಾಡ