ಆಶಾ ಅಕ್ಕಾ, ಥ್ಯಾಂಕ್ಸ್

ತಂಗಿ ಬಾಣಂತನಕ್ಕೆ ನಮ್ಮಲ್ಲಿದ್ದಳು. ಮಗುವಿನ ತೂಕ ಮೊದಲೇ ಕಡಿಮೆ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಂದು ರಾತ್ರಿ ಹಾಲು ಕುಡಿಯುವುದನ್ನೇ ಬಿಟ್ಟಿತು. ಅಳುವೂ ಇಲ್ಲ. ಹೊರಗೆ ಜಡಿಮಳೆ. ನಮ್ಮೂರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದೆ.

ಬಂದಾಗ ಅವರ ಗುಲಾಬಿ ಸೀರೆಯ ಅಂಚೆಲ್ಲ ಕೆಸರು. ಮೊದಲು ಸೋಪು ಹಾಕಿ ಕೈ ತೊಳೆದರು. ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡೇ ಮಗುವನ್ನು ಮುಟ್ಟಿದರು. ಪಾದ ತಣ್ಣಗಿತ್ತು. ಮಗುವನ್ನು ಬರಿಮೈಯಲ್ಲೇ ತಂಗಿಯ ಎದೆಗೆ ಒರಗಿಸಿ, ಮೇಲೆ ಕಂಬಳಿ ಹೊದಿಸಿದರು. "ಹೆದರಬೇಡ ಪುಟ್ಟಾ, ಆದ್ರೆ ಈಗ್ಲೇ ಆಸ್ಪತ್ರೆಗೆ ಹೋಗೋಣ" ಎಂದರು. 108ಕ್ಕೆ ತಾವೇ ಫೋನ್ ಮಾಡಿ, ತಾಯಿ ಕಾರ್ಡ್ ಹುಡುಕಿಸಿ, ನಮ್ಮ ಜೊತೆಗೇ ಹತ್ತಿದರು. ದಾರಿಯುದ್ದಕ್ಕೂ ಮಗುವಿನ ಟೋಪಿ ಸರಿಮಾಡುತ್ತಲೇ ಇದ್ದರು.

ಸೋಂಕಾಗಿತ್ತಂತೆ. ಬೇಗ ತಂದಿದ್ದು ಒಳ್ಳೆಯದಾಯಿತು ಎಂದರು ಡಾಕ್ಟರ್. ಆಮೇಲೇ ನನಗೆ ಹೋದ ಜೀವ ಬಂದಂತಾಯಿತು.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28, 42ನೇ ದಿನ ಮನೆಗೆ ಬಂದು ಮಗುವನ್ನು ನೋಡುವುದು ಆಶಾ ಕೆಲಸ. ಮಳೆಯ ರಾತ್ರಿ ಆ ಪಟ್ಟಿಯಲ್ಲಿಲ್ಲ, ಅಲ್ವಾ? ಕೈಗೆ ಬರುವುದೂ ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ.

ಅಕ್ಕಾ, ಅವತ್ತು ಒಂದು ಲೋಟ ಚಹಾ ಕೂಡ ಕುಡಿಯಲಿಲ್ಲ ನೀವು. ಅಮ್ಮ ಇನ್ನೂ ಹೇಳುತ್ತಲೇ ಇದ್ದಾರೆ. ಒಂದು ದಿನ ಊಟಕ್ಕೇ ಬನ್ನಿ.