ಜೋಧಪುರದ ಆ ಕಲ್ಲುದಾರಿಗೆ ಯಾರೂ ಟೈಲ್ಸ್ ಹಾಕಿಲ್ಲ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಪ್ರವಾಸ ಪುಟದಲ್ಲಿ ರಾಜಸ್ಥಾನದ ವಿಷಯ ಬಂದಾಗಲೆಲ್ಲ ಅದೇ ಪಟ್ಟಿ. ಜೈಪುರದ ಹವಾ ಮಹಲ್, ಉದಯಪುರದ ಕೆರೆ, ಜೈಸಲ್ಮೇರದ ಒಂಟೆ, ಜೋಧಪುರದ ಮೆಹ್ರಾನ್‌ಗಢ ಕೋಟೆ. ನೋಡಬೇಕಾದ ಜಾಗಗಳೇ, ತಕರಾರಿಲ್ಲ. ಆದರೆ ಕೋಟೆಯ ಬುಡದಲ್ಲೇ, ಅಲ್ಲಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ, ರಾವ್ ಜೋಧಾ ಡೆಸರ್ಟ್ ರಾಕ್ ಪಾರ್ಕ್ ಅಂತ ಒಂದಿದೆ. ನಮ್ಮ ಕಡೆಯಿಂದ ಹೋದವರು ಕೋಟೆ ನೋಡಿ, ಫೋಟೊ ತೆಗೆದು, ಪಕ್ಕದ ಜಸ್ವಂತ್ ಥಡಾ ಸ್ಮಾರಕಕ್ಕೂ ಹೋಗಿ ಕಾರು ಹತ್ತುತ್ತಾರೆ. ಪಾರ್ಕಿನ ಗೇಟು ಅಲ್ಲೇ ಇರುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಬಳ್ಳಾರಿ, ಕೊಪ್ಪಳ, ರಾಯಚೂರು, ಚಿತ್ರದುರ್ಗದ ಕಡೆಯವರಂತೂ ಅದನ್ನು ಬಿಟ್ಟು ಬರಲೇಬಾರದು. ಯಾಕೆ ಅಂತ ಹೇಳುವುದಕ್ಕೇ ಈ ಪತ್ರ.

ಪಾರ್ಕ್ ಅಂದ ತಕ್ಷಣ ಹುಲ್ಲುಹಾಸು, ಕಾರಂಜಿ, ಸಿಮೆಂಟಿನ ಜಿಂಕೆ ನೆನಪಾಗುತ್ತದೆ ಅಲ್ವಾ, ಅದ್ಯಾವುದೂ ಇಲ್ಲಿಲ್ಲ. ಸುಮಾರು 70 ಹೆಕ್ಟೇರ್ ಬರೀ ಬಂಡೆ ನೆಲ. 2006ರಲ್ಲಿ ಕೋಟೆ ನೋಡಿಕೊಳ್ಳುವ ಮೆಹ್ರಾನ್‌ಗಢ ಮ್ಯೂಸಿಯಂ ಟ್ರಸ್ಟ್ ಇದರ ಕೆಲಸ ಶುರು ಮಾಡಿಸಿತು. ಮರಗಿಡಗಳ ವಿಷಯದಲ್ಲಿ ಹೆಸರು ಮಾಡಿದ ಪ್ರದೀಪ್ ಕೃಷೆನ್ ಅವರ ತಂಡಕ್ಕೆ ಹೊಣೆ ಕೊಟ್ಟಿತು. ಉದ್ದೇಶ ಸರಳವಾಗಿತ್ತು. ಈ ಬಂಡೆಯ ಮೇಲೆ ಮೊದಲು ಏನು ಬೆಳೆಯುತ್ತಿತ್ತೋ ಅದನ್ನೇ ವಾಪಸ್ ತರುವುದು. 2011ರಲ್ಲಿ ಜನರಿಗೆ ತೆರೆದರು. ನಡುವಿನ ಅಷ್ಟು ವರ್ಷ ಏನು ಮಾಡಿದರು ಅನ್ನುವುದೇ ಇದರ ಸ್ವಾರಸ್ಯ.

ಅಲ್ಲಿ ತುಂಬಿಕೊಂಡಿದ್ದದ್ದು ಬಳ್ಳಾರಿ ಜಾಲಿ. ಹೌದು, ನಮ್ಮ ಕೆರೆ ಅಂಗಳ, ರೈಲು ಹಳಿ ಪಕ್ಕ, ಬೀಳು ಹೊಲ ಎಲ್ಲಾ ಕಡೆ ಇರುವ ಅದೇ ಮುಳ್ಳುಕಂಟಿ. ಅಮೆರಿಕ ಖಂಡದ ಗಿಡ ಇದು. 1877ರ ಹೊತ್ತಿಗೆ ಕಡಪ ಜಿಲ್ಲೆಯ ಕಮಲಾಪುರಂನಲ್ಲಿ ಬಿತ್ತಿದರು ಅನ್ನುವ ದಾಖಲೆ ಇದೆ. ಜೋಧಪುರ ಸಂಸ್ಥಾನದವರಿಗಂತೂ ಮರುಭೂಮಿಯನ್ನು ಹಸಿರು ಮಾಡುವ ಗಿಡ ಅಂತ ಎಷ್ಟು ಪ್ರೀತಿ ಬಂತೆಂದರೆ 1940ರಲ್ಲಿ ಇದನ್ನು ರಾಜವೃಕ್ಷ ಅಂತಲೇ ಘೋಷಿಸಿದರು. ರಾಜವೃಕ್ಷ ಆಮೇಲೆ ಪ್ರಜೆಗಳನ್ನೆಲ್ಲ ಓಡಿಸಿತು. ಇದರ ಕೆಳಗೆ ಬೇರೆ ಗಿಡ ಏಳುವುದು ಕಷ್ಟ, ನೀರೆಳೆಯುವುದರಲ್ಲಿ ಇದನ್ನು ಮೀರಿಸುವವರಿಲ್ಲ. ಕಡಿದರೆ? ನಮ್ಮ ರೈತರನ್ನು ಕೇಳಿ, ಹೇಳುತ್ತಾರೆ. ಒಂದು ಕಡಿದ ಕಡೆ ನಾಲ್ಕು ಚಿಗುರುತ್ತದೆ. ಮತ್ತೆ ಚಿಗುರುವ ಕಣ್ಣು ಇರುವುದೇ ನೆಲದ ಒಳಗೆ, ಬುಡದಲ್ಲಿ. ಅದನ್ನು ಕೀಳದೆ ಮೇಲೆ ಎಷ್ಟು ಕಡಿದರೂ ಸುಮ್ನೆ.

ಮಣ್ಣಿನ ನೆಲವಾಗಿದ್ದರೆ ಜೆಸಿಬಿ ತಂದು ಕೀಳಬಹುದಿತ್ತು. ಇಲ್ಲಿರುವುದು ಗಟ್ಟಿ ಬಂಡೆ, ಬೇರು ಹೋಗಿರುವುದು ಬಂಡೆಯ ಬಿರುಕಿನೊಳಗೆ. ಸಿಡಿಮದ್ದು ಇಡೋಣವೆಂದರೆ ಪಕ್ಕದಲ್ಲಿ 1459ರಲ್ಲಿ ಬುನಾದಿ ಹಾಕಿದ ಕೋಟೆ. ಕೊನೆಗೆ ಕೆಲಸಕ್ಕೆ ಬಂದವರು ಖಂಡವಾಲಿಯಾ ಅಂತ ಕರೆಯುವ ಅಲ್ಲಿನ ಕಲ್ಲುಗಣಿ ಕೆಲಸಗಾರರು. ತಲೆತಲಾಂತರದಿಂದ ಮರಳುಗಲ್ಲು ಒಡೆದು ಬದುಕಿದವರು. ಕೈಯಲ್ಲಿ ಸುತ್ತಿಗೆ, ಉಳಿ, ಅಷ್ಟೇ. ಬಂಡೆಯ ಮೇಲೆ ಸುತ್ತಿಗೆಯಿಂದ ಟಕ್ ಟಕ್ ಅಂತ ಬಡಿದು ಸದ್ದು ಕೇಳುತ್ತಾರೆ. ಎಲ್ಲಿ ಗಟ್ಟಿ, ಎಲ್ಲಿ ಒಳಗೆ ಸಡಿಲ, ಬಿರುಕು ಯಾವ ಕಡೆ ಓಡಿದೆ ಅನ್ನುವುದು ಆ ಸದ್ದಿನಲ್ಲೇ ಗೊತ್ತಾಗುತ್ತದೆ ಅವರಿಗೆ. ಹಾಗೆ ಒಂದೊಂದು ಗಿಡದ ಸುತ್ತ ಅಡಿ, ಒಂದೂವರೆ ಅಡಿ ಆಳಕ್ಕೆ ಬಂಡೆ ಕೊರೆದು ಬುಡ ಸಮೇತ ಜಾಲಿ ತೆಗೆದರು. ಒಂದೊಂದೇ. ಕೊರೆದ ಗುಂಡಿಯನ್ನೂ ಹಾಳು ಮಾಡಲಿಲ್ಲ. ಅದೇ ಗುಂಡಿಗೆ ಮಣ್ಣು ತುಂಬಿ ಅದೇ ಸೀಮೆಯ ಗಿಡ ನೆಟ್ಟರು.

ಯಾವ ಗಿಡ ಅನ್ನುವುದನ್ನೂ ನೋಡಿ. ನರ್ಸರಿಯಲ್ಲಿ ಸಿಗುವ ಗುಲ್‌ಮೊಹರ್ ತಂದು ನೆಡಲಿಲ್ಲ. ಥಾರ್ ಮರುಭೂಮಿಯ ಬಂಡೆಗಾಡುಗಳನ್ನು ಸುತ್ತಿ, ಕಲ್ಲಿನ ಮೇಲೆ ಬದುಕುವ ಗಿಡಗಳ ಬೀಜ ಆರಿಸಿ ತಂದು ಸಸಿ ಮಾಡಿದರು. ಇವತ್ತು ಅಲ್ಲಿ ಜಾಸ್ತಿ ಕಣ್ಣಿಗೆ ಬೀಳುವುದು ಥೋರ್ ಅನ್ನುವ ಕಳ್ಳಿ, ನಮ್ಮ ಬೇಲಿಕಳ್ಳಿಯ ದಾಯಾದಿ. ಬೇಸಿಗೆಯಲ್ಲಿ ಎಲೆಯನ್ನೆಲ್ಲ ಉದುರಿಸಿ ಬರೀ ಮುಳ್ಳಿನ ಕಾಂಡವಾಗಿ ನಿಂತಿರುತ್ತದೆ, ಮಳೆ ಬಿದ್ದರೆ ತುದಿಯಲ್ಲಿ ದಪ್ಪ ಹಸಿರೆಲೆ ಬಿಡುತ್ತದೆ. ಗೋಂದು ಕೊಡುವ ಕುಮಟ್, ಎಲೆಯೇ ಇಲ್ಲದ ಕೇರ್ ಪೊದೆ, ಇನ್ನೂ ಎಷ್ಟೋ ಹುಲ್ಲು, ಬಳ್ಳಿ. ಅಂದ ಹಾಗೆ ಜೋಧಪುರದ ಹೋಟೆಲಿನಲ್ಲಿ ಕೇರ್ ಸಾಂಗ್ರಿ ಅಂತ ಒಂದು ಪಲ್ಯ ಬಡಿಸುತ್ತಾರಲ್ಲ, ಅದರಲ್ಲಿರುವ ಸಣ್ಣ ಉಂಡೆ ಈ ಕೇರ್ ಕಾಯಿ. ಉದ್ದದ ಕಾಯಿ ಸಾಂಗ್ರಿ, ಅಂದರೆ ಖೇಜ್ಡಿ ಮರದ ಕಾಯಿ. ಖೇಜ್ಡಿ ಬೇರೆ ಯಾವುದೂ ಅಲ್ಲ, ನಾವು ದಸರೆಗೆ ಎಲೆ ಕೊಟ್ಟು ಬಂಗಾರದಂಗಿರೋಣ ಅನ್ನುವ ಬನ್ನಿ. ಅಲ್ಲಿ ಅದು ರಾಜ್ಯದ ಮರ. ಅದನ್ನು ಕಡಿಯಬಾರದು ಅಂತ 1730ರಲ್ಲಿ ಜೋಧಪುರದ ಹತ್ತಿರದ ಖೇಜಡ್ಲಿಯಲ್ಲಿ ಬಿಷ್ಣೋಯಿ ಜನ ಪ್ರಾಣ ಕೊಟ್ಟಿದ್ದಾರೆ.

ಈಗ ದಾರಿಯ ವಿಷಯ. ಊರಿನ ಹಳೇ ಕೋಟೆಗೋಡೆಯ ಸಿಂಘೋರಿಯಾ ಪೋಲ್ ಅನ್ನುವ ಹೆಬ್ಬಾಗಿಲಲ್ಲೇ ಪಾರ್ಕಿನ ಕಚೇರಿ ಇದೆ. ಅಲ್ಲಿಂದ ಬೇರೆ ಬೇರೆ ಬಣ್ಣದ ಗುರುತಿನ ಕಾಲುದಾರಿಗಳು ಹೊರಡುತ್ತವೆ. ಒಂದೊಂದೂ ಕಿಲೋಮೀಟರ್ ಆಸುಪಾಸು. ಕಿಲೋಮೀಟರ್ ಅಷ್ಟೇನಾ ಅಂತ ನಗಬೇಡಿ, ಇದು ಗಡಿಯಾರ ನೋಡಿಕೊಂಡು ಮುಗಿಸುವ ದಾರಿಯಲ್ಲ. ಅಗಲ ಕಡಿಮೆ, ಒಬ್ಬರ ಹಿಂದೆ ಒಬ್ಬರು ಹೋಗಬೇಕು. ಕಾಲ ಕೆಳಗೆ ಅಲ್ಲಿನದೇ ಕಲ್ಲು, ಕಲ್ಲುಪುಡಿ, ಕೆಲವು ಕಡೆ ಮೆಟ್ಟಿಲು. ಗಿಡ ಇರುವ ಕಡೆ ದಾರಿ ಬಳಸಿಕೊಂಡು ಹೋಗುತ್ತದೆ. ಗಿಡವನ್ನು ಸರಿಸಿ ದಾರಿ ನೆಟ್ಟಗೆ ಮಾಡಿಲ್ಲ. ನನಗೆ ತುಂಬಾ ಹಿಡಿಸಿದ್ದು ಇದೇ.

ಒಂದು ದಾರಿ ಹಾಥಿ ನಹರ್ ಒಳಗೇ ಇಳಿಯುತ್ತದೆ. ಹಿಂದಿನ ಕಾಲದಲ್ಲಿ ಮಳೆ ನೀರನ್ನು ಕೋಟೆಯ ಬುಡದ ಕೆರೆಗಳಿಗೆ ಹರಿಸಲು ಬಂಡೆಯಲ್ಲೇ ಕಡಿದ ಕಾಲುವೆ ಅದು. ಎರಡೂ ಪಕ್ಕ ಕಲ್ಲಿನ ಗೋಡೆ. ಹೊರಗೆ ಬಿಸಿಲು ಕಾದಿದ್ದರೂ ಒಳಗೆ ಒಂಚೂರು ತಂಪು. ಆ ಗೋಡೆಯನ್ನು ಸ್ವಲ್ಪ ನಿಂತು ನೋಡಬೇಕು. ಕಂದುಗೆಂಪು ಕಲ್ಲು, ನಡುನಡುವೆ ಬೇರೆ ಬಣ್ಣದ ಚೂರು ಸಿಕ್ಕಿಕೊಂಡಿರುತ್ತವೆ. ಜ್ವಾಲಾಮುಖಿಯ ಕಲ್ಲು ಅದು, ರಯೊಲೈಟ್ ಮತ್ತು ಬಿಸಿ ಬೂದಿ ಬಿದ್ದು ಬೆಸೆದುಕೊಂಡ ಕಲ್ಲು. ಸುಮಾರು 75 ಕೋಟಿ ವರ್ಷ ಹಳೆಯದು. ಅದರ ಮೇಲೆ ಆಮೇಲೆ ಮರಳುಗಲ್ಲು ಕೂತಿದೆ. ಎರಡೂ ಕೂಡುವ ಜಾಗವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ನಡೆಯುತ್ತಾ ಗೋಡೆಗೆ ಕೈ ಇಟ್ಟರೆ ಅದರ ಒರಟು ಅಂಚು ಅಂಗೈಗೆ ತಾಗುತ್ತದೆ.

ಓಟಗಾರರಿಗೂ ಒಂದು ಮಾತು ಹೇಳಬೇಕು. ಈಗ ಬೆಂಗಳೂರಿನಿಂದ ಪ್ರವಾಸ ಹೋಗುವವರ ಬ್ಯಾಗಿನಲ್ಲಿ ಓಟದ ಶೂ ಇದ್ದೇ ಇರುತ್ತದೆ, ಹೋದ ಊರಿನಲ್ಲೆಲ್ಲ ಬೆಳಿಗ್ಗೆ ಎದ್ದು ಓಡಿ ವಾಚಿನ ಮ್ಯಾಪ್ ಹಾಕಿಕೊಳ್ಳುವ ಖಯಾಲಿ. ಒಳ್ಳೆಯದೇ. ಆದರೆ ಈ ದಾರಿ ವೇಗಕ್ಕೆ ಅಲ್ಲ. ಕಲ್ಲಿನ ಅಂಚು ಚೂಪು, ತಿರುವು ಜಾಸ್ತಿ, ಎದುರಿಗೆ ಯಾರಾದರೂ ಬಂದರೆ ಓಡುವವನು ಪಕ್ಕಕ್ಕೆ ಜಿಗಿಯುತ್ತಾನೆ. ಜಿಗಿದ ಕಡೆ ಯಾರೋ ವರ್ಷಗಟ್ಟಲೆ ಕಾದು ಬೆಳೆಸಿದ ಸಸಿ ಇರುತ್ತದೆ. ವರ್ಷಕ್ಕೆ ಸರಾಸರಿ 36 ಸೆಂಟಿಮೀಟರ್ ಆಸುಪಾಸು ಮಳೆ ಬೀಳುವ ಊರು ಅದು, ಅದೂ ಬಹುಪಾಲು ಮುಂಗಾರಿನ ಕೆಲವೇ ವಾರಗಳಲ್ಲಿ. ಅಲ್ಲಿ ಮುರಿದ ಸಸಿ ನಮ್ಮ ಮಲೆನಾಡಿನಲ್ಲಿ ಚಿಗುರಿದ ಹಾಗೆ ಚಿಗುರುವುದಿಲ್ಲ. ಓಡಲೇಬೇಕೆಂದರೆ ಊರಿನ ರಸ್ತೆಯಲ್ಲಿ ಓಡಿ. ಇಲ್ಲಿ ನಡೆಯಿರಿ.

ಇದನ್ನೆಲ್ಲ ಕನ್ನಡ ಪತ್ರಿಕೆಗೆ ಯಾಕೆ ಬರೆಯುತ್ತಿದ್ದೇನೆ ಅಂದರೆ, ನಮ್ಮ ಬಯಲುಸೀಮೆಯ ಊರುಗಳಲ್ಲೂ ಗುಡ್ಡ, ಕುರುಚಲು ಕಾಡಿನ ಪಕ್ಕ ವಾಕಿಂಗ್ ಟ್ರ್ಯಾಕ್ ಮಾಡುವ ಉಮೇದು ಬಂದಿದೆ. ಬರಲಿ, ಬೇಕೂ ಬೇಕು. ಆದರೆ ಮಾಡುವ ಕ್ರಮ ನೋಡಿ. ಮೊದಲು ಗುಡ್ಡದ ಬುಡ ಸಮತಟ್ಟು ಮಾಡುತ್ತಾರೆ. ಅಲ್ಲೇ ಇದ್ದ ತಂಗಡಿ, ಕಾರೆ, ಬಾರೆ ಎಲ್ಲಾ ಕಸ ಅಂತ ಕಿತ್ತು ಹಾಕುತ್ತಾರೆ. ಕೆಂಪು ಹಳದಿ ಟೈಲ್ಸ್ ಬೀಳುತ್ತದೆ, ಎರಡೂ ಕಡೆ ಕರ್ಬ್ ಸ್ಟೋನ್, ಕಣ್ಣು ಕುಕ್ಕುವ ಲೈಟು, ಓಪನ್ ಜಿಮ್ಮು. ಆಮೇಲೆ ನೆರಳಿಲ್ಲ ಅಂತ ಎಲ್ಲಿಂದಲೋ ತಂದ ಅಲಂಕಾರದ ಗಿಡ ನೆಟ್ಟು ಟ್ಯಾಂಕರ್ ನೀರು ಹಾಕುತ್ತಾರೆ. ಬೇಸಿಗೆಯಲ್ಲಿ ಅದು ಒಣಗುತ್ತದೆ. ಆ ಜಾಗಕ್ಕೆ ಯಾವುದು ಬರುತ್ತದೆ ಹೇಳಿ? ಅದೇ ಜಾಲಿ.

ವಯಸ್ಸಾದವರು, ಮಂಡಿನೋವಿನವರು ಕಲ್ಲುದಾರಿಯಲ್ಲಿ ಹೇಗೆ ನಡೆಯಬೇಕು ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಜೋಧಪುರದ ಆ ದಾರಿಗಳೂ ಎಲ್ಲರ ಕಾಲಿಗೂ ಆಗುವಂಥವಲ್ಲ. ಅಂಥವರಿಗೆ ಊರೊಳಗೆ, ಮನೆಗೆ ಹತ್ತಿರ, ಸಪಾಟಾದ ಒಳ್ಳೆಯ ದಾರಿ ಇರಲೇಬೇಕು, ಅದಕ್ಕೆ ಟೈಲ್ಸ್ ಹಾಕಿದರೂ ನನ್ನ ತಕರಾರಿಲ್ಲ. ಊರೊಳಗಿನ ಫುಟ್‌ಪಾತ್ ನಡೆಯಲು ಬಾರದ ಹಾಗೆ ಬಿಟ್ಟು, ಮೂರು ಕಿಲೋಮೀಟರ್ ಆಚೆ ಗುಡ್ಡಕ್ಕೆ ಟೈಲ್ಸ್ ಹಾಕುವುದು ಮಾತ್ರ ಯಾವ ಅಜ್ಜನ ಮಂಡಿಗೂ ಉಪಕಾರವಾಗುವುದಿಲ್ಲ.

ಹಾಗಂತ ಕಂಡ ಕಂಡ ಕಡೆ ಜಾಲಿ ಕೀಳಿ ಅಂತಲೂ ನಾನು ಹೇಳುತ್ತಿಲ್ಲ. ನಮ್ಮ ಕಡೆ ಎಷ್ಟೋ ಬಡವರ ಮನೆಯ ಒಲೆ ಉರಿಯುವುದು ಅದರಿಂದ, ಇದ್ದಿಲು ಸುಟ್ಟು ಬದುಕುವವರೂ ಇದ್ದಾರೆ. ಅದೂ ಅಲ್ಲದೆ ಕುರಿ, ಮೇಕೆ, ದನ ಅದರ ಕಾಯಿ ತಿಂದು ಹೋದ ಕಡೆಯೆಲ್ಲ ಸಗಣಿ ಹಿಕ್ಕೆಯ ಜೊತೆ ಬೀಜ ಹಾಕುತ್ತವೆ. ಒಂದು ಸಲ ಕಿತ್ತು ಫೋಟೊ ತೆಗೆಸಿಕೊಂಡರೆ ಮುಗಿಯುವ ಕೆಲಸ ಅಲ್ಲ. ಜೋಧಪುರದಲ್ಲಿ 70 ಹೆಕ್ಟೇರಿಗೇ ಅಷ್ಟು ವರ್ಷ ಹಿಡಿಯಿತು, ಈಗಲೂ ಹೊಸದಾಗಿ ಹುಟ್ಟಿದ್ದನ್ನು ಕೀಳುತ್ತಲೇ ಇರಬೇಕು. ಆದ್ದರಿಂದ ವಾಕಿಂಗ್ ದಾರಿ ಮಾಡುವ ಒಂದೇ ಒಂದು ಗುಡ್ಡ ಆರಿಸಿಕೊಂಡು, ಅಲ್ಲಿ ನಿಧಾನವಾಗಿ ಮಾಡಿದರೆ ಸಾಕು. ಬಂಡೆ ನಮ್ಮಲ್ಲೂ ಇದೆ. ಬಂಡೆಯ ಸದ್ದು ಕೇಳಿ ಅದರ ಒಳಗನ್ನು ಹೇಳುವ ಕಲ್ಲುಕುಟಿಗರೂ ನಮ್ಮಲ್ಲಿದ್ದಾರೆ, ಕ್ರಷರ್ ಬಂದ ಮೇಲೆ ಅವರಲ್ಲಿ ಬಹಳ ಜನಕ್ಕೆ ಕೆಲಸ ಕಡಿಮೆಯಾಗಿದೆ. ಬನ್ನಿ, ಕಾರೆ, ಕಕ್ಕೆ, ಕಮರ, ಬೇಲ ಯಾವುದನ್ನೂ ಹೊರಗಿನಿಂದ ತರಬೇಕಿಲ್ಲ. ಕುರಿಗಾಹಿಗಳನ್ನು ಕೇಳಿದರೆ ಯಾವ ಗಿಡ ಯಾವ ಬಂಡೆಯ ಸಂದಿಯಲ್ಲಿ ಬರುತ್ತದೆ ಅಂತ ನಿಂತಲ್ಲೇ ಹೇಳುತ್ತಾರೆ.

ಹೋಗುವವರಿಗೆ ಸ್ವಲ್ಪ ಉಪಯೋಗದ ಮಾತು. ಏಪ್ರಿಲ್‌ನಿಂದ ಜೂನ್ ಬೇಡ. ಆ ಸೀಮೆಯ ಬಿಸಿಲು ಎಂಥದ್ದು ಅಂದರೆ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ದಾಖಲಾಗಿತ್ತು, ಆಗ ಅದು ಜೋಧಪುರ ಜಿಲ್ಲೆಯಲ್ಲೇ ಇತ್ತು. ಚಳಿಗಾಲ ಹಿತ, ಎಲ್ಲರೂ ಹೋಗುವುದೂ ಆಗಲೇ. ಆದರೆ ಗಿಡಗಳನ್ನು ನೋಡಬೇಕೆಂದರೆ ಮಳೆಗಾಲದ ಮಧ್ಯ ಅಥವಾ ಮಳೆ ಮುಗಿದ ತಕ್ಷಣ ಹೋಗಬೇಕು, ಬಂಡೆಯ ಸಂದಿ ಸಂದಿಯಲ್ಲೂ ಹುಲ್ಲು ಎದ್ದಿರುತ್ತದೆ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಬೇಸಿಗೆಗೂ ಚಳಿಗಾಲಕ್ಕೂ ಸಮಯ ಬೇರೆ ಇರುತ್ತದೆ. ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿ. ನೀರು ಒಯ್ಯಿರಿ. ದುಡ್ಡು ಕೊಟ್ಟರೆ ಜೊತೆಗೆ ಬಂದು ಗಿಡ ತೋರಿಸುವ ಮಾರ್ಗದರ್ಶಕರೂ ಸಿಗುತ್ತಾರೆ. ಕೋಟೆಯ ಕಥೆ ಎಲ್ಲಿ ಬೇಕಾದರೂ ಓದಿಕೊಳ್ಳಬಹುದು, ಈ ಗಿಡಗಳನ್ನು ಒಬ್ಬರು ಪಕ್ಕದಲ್ಲಿದ್ದು ತೋರಿಸಿದರೇ ಕಾಣುವುದು. ಖರ್ಚು ಮಾಡುವುದಾದರೆ ಅಲ್ಲಿ ಮಾಡಿ.

ಸಂಪಾದಕರಲ್ಲಿ ಎರಡು ಕೋರಿಕೆ. ಮುಂದಿನ ಸಲ ಜೋಧಪುರದ ಬಗ್ಗೆ ಬರೆಸುವಾಗ ಈ ಪಾರ್ಕಿಗೆ ಅರ್ಧ ಕಾಲಮ್ ಆದರೂ ಕೊಡಿ. ಇನ್ನೊಂದು, ನಮ್ಮ ಜಿಲ್ಲೆಗಳಲ್ಲಿ ಗುಡ್ಡದ ಮೇಲೆ ವಾಕಿಂಗ್ ಟ್ರ್ಯಾಕ್ ಮಂಜೂರಾಯಿತು ಅಂತ ಸುದ್ದಿ ಹಾಕುವಾಗ ಎಷ್ಟು ಲಕ್ಷ ಅನ್ನುವುದರ ಜೊತೆಗೆ, ಅದರಲ್ಲಿ ಟೈಲ್ಸಿಗೆ ಎಷ್ಟು, ಗಿಡಕ್ಕೆ ಎಷ್ಟು, ಉಳಿ ಸುತ್ತಿಗೆ ಹಿಡಿಯುವವರ ಕೂಲಿಗೆ ಎಷ್ಟು ಅಂತ ನಿಮ್ಮ ವರದಿಗಾರರು ಕೇಳಿ ಬರೆಯಲಿ.

ಇಂತಿ,
ಬಯಲುಸೀಮೆಯ ನಿಮ್ಮ ಓದುಗ
ಹೊಸಪೇಟೆ