ಸೇನಾ ಭರ್ತಿಯ ಮೆಡಿಕಲ್‌ಗೆ ಹೋಗುವ ಹುಡುಗರ ಗಮನಕ್ಕೆ

ತಮ್ಮಂದಿರೇ, ಅಗ್ನಿವೀರ್ ಓಟ ಪಾಸಾದವರಿಗೆ ಶಹಬ್ಬಾಸ್. ಇನ್ನು ಮೆಡಿಕಲ್. ಹಳೇ ಕಾಯಿಲೆ, ಆಪರೇಷನ್, ಈಗ ನುಂಗುತ್ತಿರುವ ಮಾತ್ರೆ ಬಗ್ಗೆ ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿ. ಅಪೆಂಡಿಕ್ಸ್ ತೆಗೆಸಿದ್ದರೆ ಡಿಸ್ಚಾರ್ಜ್ ಚೀಟಿ ಜೊತೆಗಿರಲಿ. ಹೊಟ್ಟೆ ಮೇಲಿನ ಹೊಲಿಗೆ ಗುರುತು ಡಾಕ್ಟರ ಕಣ್ಣಿಗೆ ಬೀಳದೇ ಇರುತ್ತಾ? ಫಿಟ್ಸ್, ವೀಸಿಂಗ್ (ಉಬ್ಬಸ) ಇದ್ದರಂತೂ ಮುಚ್ಚಿಡಲೇಬೇಡಿ. ತರಬೇತಿಯಲ್ಲಿ ಓಡುವಾಗ ಬಂದರೆ ಜೀವಕ್ಕೇ ಕುತ್ತು. ಭರ್ತಿ ಫಾರಂನಲ್ಲಿ ಬೇಕಂತಲೇ ಸುಳ್ಳು ಉತ್ತರ ಕೊಟ್ಟರೆ 1950ರ ಸೇನಾ ಕಾಯ್ದೆಯ 44ನೇ ಸೆಕ್ಷನ್ ಪ್ರಕಾರ 5 ವರ್ಷದವರೆಗೆ ಜೈಲಾಗಬಹುದು. "ಸುಮ್ನೆ ಇಲ್ಲ ಅಂತ ಬರಿ" ಅನ್ನುವ ಏಜೆಂಟರು ಆಗ ಫೋನ್ ಎತ್ತುವುದಿಲ್ಲ. ಅನ್‌ಫಿಟ್ ಅಂದರೂ ಗಾಬರಿ ಬೇಡ, ಮಿಲಿಟರಿ ಆಸ್ಪತ್ರೆಯಲ್ಲಿ ಮರುಪರೀಕ್ಷೆಗೆ ಅವಕಾಶವಿದೆ. ಹಾಂ, ಕಿವಿಯ ಗುಗ್ಗೆ ಮೊದಲೇ ತೆಗೆಸಿಕೊಳ್ಳಿ. ಹೋದ ಸಲ ನಮ್ಮವರಿಬ್ಬರು ಅದಕ್ಕೇ ಸಿಕ್ಕಿಬಿದ್ದರು.